ಬೆನ್ನು, ಕಣ್ಣು, ತುಟಿ, ಹೃದಯ

ಫೇರ್‌ಫ್ಯಾಕ್ಸ್, ವರ್ಜೀನಿಯಾ
ಸೆಪ್ಟೆಂಬರ್ 30, 2020

ಪ್ರೀತಿಯ ಯಾಮಿನಿ,

ಸೋಮವಾರದ ಐದನೇ ತಿಂಗಳ ಸ್ಕ್ಯಾನ್ ಹೇಗಾಯಿತು? ಅವತ್ತಿನಿಂದ ಮೇಲ್ ತೆಗೆದು ತೆಗೆದು ನೋಡುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನೀನೇ ಬೇಡವೆಂದಿದ್ದೀಯ. ಒಂದು ಕೋಣೆಯಲ್ಲಿ ಧೀರಜ್‌ನ ಮೀಟಿಂಗು, ಇನ್ನೊಂದರಲ್ಲಿ ನಿನ್ನ ಅತ್ತೆಯ ಸಹಸ್ರನಾಮ, ನಡುವೆ ನೀನು ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟುವುದು. ಅದಕ್ಕಿಂತ ಬರೆಯುವುದೇ ವಾಸಿ. ಕಾಲೇಜಿನ ರಜೆಯಲ್ಲಿ ನಾನು ಮಂಡಿ ಮೊಹಲ್ಲಾದಿಂದ, ನೀನು ನಂಜನಗೂಡಿನಿಂದ ಬರೆದುಕೊಳ್ಳುತ್ತಿದ್ದ ಹಾಗೆ.

ಇಲ್ಲಿ ಒಂದು ಹೊಸ ಸಂಭ್ರಮ. ಪಕ್ಕದ ಮನೆಯ ಕ್ಯಾಪ್ಲನ್ ಅಂಕಲ್ ಬಗ್ಗೆ ಹೇಳಿದ್ದೆನಲ್ಲ, ಸರ್ಕಾರಿ ಕೆಲಸದಿಂದ ರಿಟೈರ್ ಆದವರು, ಹೆಂಡತಿ ಎಸ್ತರ್ ತೀರಿಕೊಂಡ ಮೇಲೆ ಒಬ್ಬರೇ ಇರುವವರು. ಅವರು ಯಹೂದಿಗಳು. ಶುಕ್ರವಾರ ಸಂಜೆಯಿಂದ ಅವರಿಗೆ ಸುಕ್ಕೋತ್ ಹಬ್ಬ. ಹಿತ್ತಲಲ್ಲಿ ಎಲೆ ಕೊಂಬೆ ಹೊದಿಸಿದ ಚಪ್ಪರ ಹಾಕಿ ಒಂದು ವಾರ ಅದರಡಿಯಲ್ಲೇ ಊಟ ಮಾಡುತ್ತಾರೆ. ಮೇಲೆ ನೋಡಿದರೆ ಸಂದಿಯಲ್ಲಿ ನಕ್ಷತ್ರ ಕಾಣಬೇಕಂತೆ. ಪ್ರತಿ ವರ್ಷ ಅವರ ದೇವಾಲಯದವರು ಬಂದು ಕಟ್ಟಿಕೊಡುತ್ತಿದ್ದರು. ಈ ಸಲ ಕೋವಿಡ್ ಎಂದು ಯಾರೂ ಬರಲಿಲ್ಲ. ಮುದುಕರು ತಾವೇ ಏಣಿ ಹತ್ತಲು ಹೊರಟಿದ್ದನ್ನು ನಮ್ಮ ಯಜಮಾನರು ಯೂನುಸ್ ಕಿಟಕಿಯಿಂದ ನೋಡಿ, ಮಾಸ್ಕ್ ಸಿಕ್ಕಿಸಿಕೊಂಡು ಓಡಿದರು.

ನಿನ್ನೆ ಪೂಜೆಯ ಗಿಡಗಳು ಪಾರ್ಸೆಲ್ಲಿನಲ್ಲಿ ಬಂದವು. ನಾಲ್ಕು ಬಗೆ. ಖರ್ಜೂರದ ಇನ್ನೂ ಬಿಚ್ಚದ ಸುಳಿ, ಮರ್ಟಲ್ ಎನ್ನುವ ಕಿರು ಎಲೆಯ ಗಿಡದ ಕಡ್ಡಿ, ಹೊಳೆದಂಡೆಯ ವಿಲ್ಲೋ ಕಡ್ಡಿ, ಆಮೇಲೆ ನಾರಿನಲ್ಲಿ ಸುತ್ತಿದ ಒಂದು ಹಣ್ಣು. ಎತ್ರೋಗ್ ಎಂದರು. ನಾರು ಬಿಡಿಸಿದರೆ ಮಾದಲ ಹಣ್ಣು ಕಣೇ! ನಮ್ಮ ಅಜ್ಜಿ ಉಪ್ಪಿನಕಾಯಿ ಹಾಕುತ್ತಿದ್ದರಲ್ಲ, ಅದೇ. ವಾಸನೆ ಬಂದದ್ದೇ ನನಗೆ ಕಣ್ಣು ತುಂಬಿತು. ನಮ್ಮ ಪುಟ್ಟಿ ನಾಯಿಲಾ ಬೇಲಿಯ ಈ ಕಡೆಯಿಂದ, “ಅಂಕಲ್, ಇಟ್ಸ್ ಜಸ್ಟ್ ಎ ಬಿಗ್ ಲೆಮನ್!” ಎಂದಳು. ಅವರು ನಕ್ಕು ಅವಳಿಗೆ ಎಲ್ಲ ಬಿಡಿಸಿ ಹೇಳಿದರು. ಖರ್ಜೂರದ ಸುಳಿ ಮನುಷ್ಯನ ಬೆನ್ನು. ಮರ್ಟಲ್ ಎಲೆ ಕಣ್ಣು. ವಿಲ್ಲೋ ಎಲೆ ತುಟಿ. ಹಣ್ಣು ಹೃದಯ. ನಾಲ್ಕನ್ನೂ ಒಟ್ಟಿಗೆ ಹಿಡಿದು ಆರು ದಿಕ್ಕಿಗೂ ಅಲ್ಲಾಡಿಸಿದರೆ ಇಡೀ ಮೈ ಪ್ರಾರ್ಥನೆ ಮಾಡಿದ ಹಾಗೆ. ಒಂದು ಕೆಟ್ಟಿದ್ದರೂ ಉಳಿದ ಮೂರು ನಡೆಯುವುದಿಲ್ಲ.

ಆಮೇಲೆ ಭೂತಗನ್ನಡಿ ತಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. ತುದಿಯ ಹತ್ತಿರ ಒಂದು ಚುಕ್ಕೆ. ಪಾಪ, ಮುಖ ಇಳಿದುಹೋಯಿತು. “ಹೃದಯದ ಮೇಲೇ ಚುಕ್ಕೆ” ಎಂದರು. ಫೋಟೋ ತೆಗೆದು ಅವರ ಗುರುಗಳಾದ ರಬ್ಬಿಗೆ ಕಳಿಸಿದ್ದಾರೆ. ಅವರು ನಡೆಯುವುದಿಲ್ಲ ಎಂದರೆ ಹಣ್ಣು ತಿಪ್ಪೆಗೆ.

ಅವರು ಬೆನ್ನು, ಕಣ್ಣು, ತುಟಿ, ಹೃದಯ ಎನ್ನುತ್ತಿದ್ದಾಗ ನನಗೆ ನಿನ್ನದೇ ನೆನಪು. ನಿನ್ನ ಸ್ಕ್ಯಾನಿನಲ್ಲೂ ಅದನ್ನೇ ತಾನೆ ಒಂದೊಂದಾಗಿ ನೋಡುವುದು? ಎಲ್ಲ ನೋಡಿದರಾ? ಬೇಗ ಬರಿ.

ನಿನ್ನ
ಶಬನಮ್

*

ಡುಲುತ್, ಜಾರ್ಜಿಯಾ
ಅಕ್ಟೋಬರ್ 1, 2020

ಶಬನಮ್,

ನಿನಗೆ ಯಾರು ಹೇಳಿದರು? ಧೀರಜ್ ಯೂನುಸ್‌ಗೆ ಫೋನ್ ಮಾಡಿದನಾ? ಕೇಳಿದರೆ ಇಲ್ಲ ಎನ್ನುತ್ತಾನೆ. ಗೊತ್ತಿದ್ದರೆ ನೇರವಾಗಿ ಕೇಳಬಹುದಿತ್ತು. ಹಣ್ಣು, ಚುಕ್ಕೆ, ತಿಪ್ಪೆ ಎಂದು ಸುತ್ತಿ ಬಳಸಿ ಬರೆಯುವುದು ಏನು? ನನ್ನ ಮಗು ಹಣ್ಣಲ್ಲ.

ಸರಿ, ಗೊತ್ತಾಗಿದೆಯಲ್ಲ, ಪೂರ್ತಿ ಕೇಳು. ಧೀರಜ್‌ನನ್ನು ಒಳಗೆ ಬಿಡಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ವೀಡಿಯೊ ಕಾಲ್‌ನಲ್ಲಿದ್ದ. ಸ್ಕ್ಯಾನ್ ಮಾಡುವ ಹುಡುಗಿ ಮೊದಲೆಲ್ಲ ಕಲಕಲ ಮಾತಾಡುತ್ತಿದ್ದಳು. ಇದು ಬೆನ್ನುಮೂಳೆ, ಮುತ್ತು ಪೋಣಿಸಿದ ಹಾಗಿದೆ ನೋಡಿ. ಇದು ಕಣ್ಣು. ತುಟಿ ಚೆನ್ನಾಗಿ ಕೂಡಿದೆ. ನೀನು ಬರೆದ ಅದೇ ಸಾಲು, ಅದೇ ಕ್ರಮ! ಹೃದಯದ ಹತ್ತಿರ ಬಂದವಳು ಮಾತು ನಿಲ್ಲಿಸಿದಳು. ಅಷ್ಟು ಹೊತ್ತಿಗೆ ಧೀರಜ್‌ನ ಮುಖ ಪರದೆಯ ಮೇಲೆ ಹಾಗೇ ಕಲ್ಲಾಗಿ ನಿಂತುಹೋಗಿತ್ತು, ಬಾಯಿ ತೆರೆದುಕೊಂಡು. ನೆಟ್‌ವರ್ಕ್ ಇರಲಿಲ್ಲ.

ಡಾಕ್ಟರ್ ಬಂದು ಹೇಳಿದರು. ಮಗುವಿನ ಹೃದಯದಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯುತ್ತಿದೆ. “ಸಾಮಾನ್ಯವಾಗಿ ಇದು ಏನೂ ಅಲ್ಲ. ಅಪರೂಪಕ್ಕೆ ಡೌನ್ ಸಿಂಡ್ರೋಮ್ ಇರಬಹುದು ಅನ್ನೋದರ ಸೂಚನೆ. ಬೇಕಿದ್ರೆ ರಕ್ತಪರೀಕ್ಷೆ ಮಾಡಿಸಿ” ಎಂದರು. ಶುರುವಿನ ತಿಂಗಳುಗಳಲ್ಲಿ ಎಲ್ಲ ವೀಡಿಯೊದಲ್ಲೇ ನಡೆದು ಆ ಪರೀಕ್ಷೆ ಬಿಟ್ಟುಹೋಗಿತ್ತು. ಬರುವ ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ಕೊಟ್ಟಿದ್ದಾರೆ.

ಅತ್ತೆಗೆ ಹೇಳಿಲ್ಲ. ಹೋದ ಸಲ ಮೂರೇ ತಿಂಗಳಿಗೆ ಗರ್ಭ ಹೋದಾಗ ಅವರು ವಾರಗಟ್ಟಲೆ ದೇವರ ಮುಂದೆ ಕೂತಿದ್ದರು. ಈಗ ವೀಸಾ ಮುಗಿದರೂ ವಿಮಾನವಿಲ್ಲದೆ ಇಲ್ಲೇ ಸಿಕ್ಕಿಹಾಕಿಕೊಂಡು, ದಿನವೂ ನನ್ನ ಹೊಟ್ಟೆ ನೋಡಿ ದೃಷ್ಟಿ ತೆಗೆಯುತ್ತಾರೆ.

ಇನ್ನು ಗಿಡಗಳ ವಿಷಯ ಬರೆಯಬೇಡ.

ಯಾಮಿನಿ

*

ಫೇರ್‌ಫ್ಯಾಕ್ಸ್
ಅಕ್ಟೋಬರ್ 2, 2020

ಯಾಮಿನಿ,

ಅಲ್ಲಾಹನಾಣೆ, ನನಗೆ ಏನೂ ಗೊತ್ತಿರಲಿಲ್ಲ. ಯೂನುಸ್‌ಗೂ ಗೊತ್ತಿರಲಿಲ್ಲ. ನಿನ್ನ ಪತ್ರ ಓದಿ ನನ್ನದನ್ನು ಮತ್ತೆ ಓದಿಕೊಂಡೆ. ಒಂದೊಂದು ಸಾಲೂ ನಿನಗೆ ಹೇಗೆ ಚುಚ್ಚಿರಬೇಕೆಂದು ಈಗ ಗೊತ್ತಾಯಿತು. ಕ್ಷಮಿಸು ಕಣೇ.

ನಾನು ಕೆಲಸ ಮಾಡುವ ಫಾರ್ಮಸಿಯಲ್ಲಿ ಪ್ರತಿಭಾ ಎಂಬ ಮೈಸೂರಿನವಳೇ ಒಬ್ಬಳಿದ್ದಾಳೆ. ನಿನ್ನ ಹೆಸರು ಎತ್ತದೆ ಕೇಳಿದೆ. ಅವಳ ಎರಡನೆಯ ಮಗುವಿಗೂ ಆ ಚುಕ್ಕೆ ಇತ್ತಂತೆ. ಈಗ ಅವನು ಮನೆಯ ಪರದೆಗೆಲ್ಲ ನೇತಾಡುತ್ತಾನೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ಸಲ ಬರೆದು ಅಳಿಸಿದೆ. ಗಿಡದ ಮಾತು ಬೇಡವೆಂದಿದ್ದೀಯ. ಆದರೆ ಅರ್ಧ ಹೇಳಿ ಬಿಟ್ಟರೆ ನೀನು ಉಳಿದ ಅರ್ಧವನ್ನು ಕೆಟ್ಟದಾಗಿಯೇ ಊಹಿಸಿಕೊಳ್ಳುತ್ತೀಯ. ರಬ್ಬಿಯ ಉತ್ತರ ಬಂತು. ಹಣ್ಣು ಎಳೆಯದಾಗಿದ್ದಾಗ ಎಲೆ ತಾಗಿ ಉಳಿದ ಗುರುತಂತೆ ಅದು. ಮರದಲ್ಲಿ ಬೆಳೆದದ್ದಕ್ಕೆ ಸಹಜ, ದೋಷವಲ್ಲ ಎಂದರಂತೆ. ಅಂಕಲ್ ಬೇಲಿಯ ಹತ್ತಿರ ಬಂದು ಮಕ್ಕಳ ಹಾಗೆ ಹಣ್ಣನ್ನು ಎತ್ತಿ ತೋರಿಸಿದರು.

ಮಂಗಳವಾರ ನಿನ್ನ ಜೊತೆ ಇರಬೇಕಿತ್ತು ನಾನು. ರಿಸಲ್ಟ್ ಬಂದ ಕೂಡಲೇ ಒಂದು ಸಾಲು ಬರಿ.

ಶಬನಮ್

*

ಡುಲುತ್
ಅಕ್ಟೋಬರ್ 8, 2020

ಶಬ್ಬೂ,

ಅವತ್ತು ಬಾಯಿಗೆ ಬಂದದ್ದು ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ರಕ್ತಪರೀಕ್ಷೆಯ ವಿಷಯ ಮುಗಿಯಿತು. ಇನ್ನು ಚಿಂತೆಯಿಲ್ಲ. ನಿಮ್ಮ ಅಂಕಲ್‌ನ ಹಣ್ಣಿನ ಹಾಗೆಯೇ ಎಂದುಕೋ.

ಇಲ್ಲಿ ಎಲ್ಲರೂ ಆರಾಮ. ಅತ್ತೆಗೆ ಕೊರಿಯನ್ ಅಂಗಡಿಯ ಮೂಲಂಗಿ ಹಿಡಿಸಿಬಿಟ್ಟಿದೆ, ದಿನಾ ಅದರದೇ ಹುಳಿ. ಮಗು ಒದೆಯಲು ಶುರುಮಾಡಿದೆ. ಧೀರಜ್‌ಗೆ ಪ್ರಾಜೆಕ್ಟ್ ಡೆಡ್‌ಲೈನ್, ಮಾತು ಕಡಿಮೆ. ನಿಮ್ಮ ಚಪ್ಪರದ ಹಬ್ಬ ಹೇಗೆ ನಡೆಯುತ್ತಿದೆ?

ಯಾಮಿನಿ

*

ಫೇರ್‌ಫ್ಯಾಕ್ಸ್
ಅಕ್ಟೋಬರ್ 10, 2020

ಪ್ರೀತಿಯ ಯಾಮಿನಿ,

ಅಲ್‌ಹಮ್ದುಲಿಲ್ಲಾ! ನಿನ್ನ ಪತ್ರವನ್ನು ಯೂನುಸ್‌ಗೆ ಗಟ್ಟಿಯಾಗಿ ಓದಿ ಹೇಳಿದೆ. ನಾಯಿಲಾ, “ಮಮ್ಮಾ, ವೈ ಆರ್ ಯು ಕ್ರೈಯಿಂಗ್?” ಎಂದು ಹೆದರಿದಳು. ನಿಮ್ಮ ಮನೆಯ ಮೇಲಿನ ಮೋಡ ಸರಿದಂತೆ ಇಲ್ಲಿ ನಮಗೂ ಹಗುರವಾಯಿತು.

ಹಬ್ಬದ ಬಗ್ಗೆ ನೀನೇ ಕೇಳಿದ್ದೀಯ, ಹಾಗಾಗಿ ಬರೆಯುತ್ತೇನೆ. ನಿನ್ನೆ ಏಳನೆಯ ದಿನ. ಅವತ್ತು ವಿಲ್ಲೋ ಕಡ್ಡಿಗಳನ್ನು ನೆಲಕ್ಕೆ ಬಡಿದು ಎಲೆ ಉದುರಿಸುವ ಪದ್ಧತಿಯಂತೆ. ಅದಕ್ಕೆ ಅಂಕಲ್‌ನ ಮಗಳು ರೂಥಿ ಬಂದಿದ್ದಳು. ಆಕೆ ನಮಗಿಂತ ದೊಡ್ಡವಳು. ಡೌನ್ ಸಿಂಡ್ರೋಮ್ ಇದೆ. ಇಲ್ಲೇ ಹತ್ತು ನಿಮಿಷ ದೂರದ ಒಂದು ಮನೆಯಲ್ಲಿ ಅವಳಂಥ ಮೂವರ ಜೊತೆ ಇರುತ್ತಾಳೆ. ಮಾರ್ಚ್‌ನಿಂದ ಅಂಕಲ್ ಅವಳನ್ನು ಮುಟ್ಟಿಲ್ಲ. ಅಲ್ಲಿ ನೋಡಿಕೊಳ್ಳುವವಳು ವ್ಯಾನಿನಲ್ಲಿ ಕರೆತಂದು, ಹಿತ್ತಲಲ್ಲಿ ದೂರ ನಿಲ್ಲಿಸಿದಳು. ಇಳಿದದ್ದೇ ತಂದೆಗೆ ಗದರಿದಳು. “ಡ್ಯಾಡ್! ಮಾಸ್ಕ್! ಮೂಗು ಕಾಣಿಸ್ತಿದೆ!”

ಅವಳೂ ನಾಯಿಲಾಳೂ ಚಪ್ಪರದ ಆಚೆ ಈಚೆ ನಿಂತು ಕಡ್ಡಿ ಬಡಿದದ್ದೇ ಬಡಿದದ್ದು. ಅವರಿಬ್ಬರ ನಗು ನೋಡುತ್ತ ಅಂಕಲ್ ನನಗೊಂದು ಸಂಗತಿ ಹೇಳಿದರು. ಈ ನಾಲ್ಕು ಗಿಡಗಳಿಗೆ ಇನ್ನೊಂದು ಅರ್ಥವೂ ಇದೆಯಂತೆ. ಮಾದಲಕ್ಕೆ ರುಚಿಯೂ ಉಂಟು, ಪರಿಮಳವೂ ಉಂಟು. ಖರ್ಜೂರಕ್ಕೆ ರುಚಿ ಮಾತ್ರ. ಮರ್ಟಲ್‌ಗೆ ಪರಿಮಳ ಮಾತ್ರ. ವಿಲ್ಲೋಗೆ ಎರಡೂ ಇಲ್ಲ. ಮನುಷ್ಯರೂ ಹೀಗೇ ನಾಲ್ಕು ಬಗೆ, ನಾಲ್ವರನ್ನೂ ಒಟ್ಟಿಗೆ ಕಟ್ಟಿಯೇ ದೇವರ ಮುಂದೆ ನಿಲ್ಲಬೇಕು. ನನಗೂ ಚಿಕ್ಕಂದಿನಲ್ಲಿ ಅರಬ್ಬಿ ಕಲಿಸಿದ ಹಜರತ್ ಇಂಥದೇ ಹೋಲಿಕೆ ಹೇಳಿದ್ದು ನೆನಪಾಯಿತು. ರೂಥಿ ಚಿಕ್ಕವಳಿದ್ದಾಗ ದೇವಾಲಯದಲ್ಲಿ ಒಬ್ಬ ಹೆಂಗಸು ಎಸ್ತರ್ ಆಂಟಿಯ ಕೈ ಹಿಡಿದು, “ನಿಮ್ಮ ರೂಥಿ ನಮ್ಮ ವಿಲ್ಲೋ. ಅವಳಿಲ್ಲದೆ ನಮ್ಮ ಕಟ್ಟು ಪೂರ್ತಿಯಾಗೋಲ್ಲ” ಎಂದಳಂತೆ. ಒಳ್ಳೆಯ ಮಾತೆಂದೇ ಹೇಳಿದ್ದಳು. ಆಂಟಿ ಕೈ ಬಿಡಿಸಿಕೊಂಡು, “ಪರಿಮಳ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು? ಹತ್ತಿರ ಬಂದು ಮೂಸಿ ನೋಡಿದ್ದೀರಾ? ಇವಳ ತಲೆ ಬೆಣ್ಣೆ ಬಿಸ್ಕತ್ತಿನ ಹಾಗೆ ಘಮ್ ಅನ್ನುತ್ತೆ” ಎಂದು ಮಗಳನ್ನು ಎತ್ತಿಕೊಂಡು ಹೊರಗೆ ನಡೆದರಂತೆ.

ಹೇಳಿ ಮುಗಿಸುವಷ್ಟರಲ್ಲಿ ವ್ಯಾನಿನವಳು ಹೊತ್ತಾಯಿತೆಂದು ಕರೆದಳು. ರೂಥಿ ದೂರದಿಂದಲೇ ಎರಡೂ ಕೈ ಚಾಚಿ ಗಾಳಿಯನ್ನು ತಬ್ಬಿಕೊಂಡು ತೋರಿಸಿ ಹೋದಳು.

ನಿನ್ನ ಸೀಮಂತಕ್ಕೆ ಹಸಿರು ಬಳೆ ಹುಡುಕುತ್ತಿದ್ದೇನೆ.

ಶಬನಮ್

*

ಡುಲುತ್
ಅಕ್ಟೋಬರ್ 12, 2020

ಶಬನಮ್,

ಇದನ್ನು ನನಗೆ ಯಾಕೆ ಬರೆದೆ? ಈಗ, ಈ ಹೊಟ್ಟೆ ಹೊತ್ತಿರುವಾಗ? ನನ್ನನ್ನು ತಯಾರು ಮಾಡುತ್ತಿದ್ದೀಯಾ? ಆ ಮುದುಕರ ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು ಸುಲಭ. ಸಂಜೆಯಾದರೆ ನೀನು ನಿನ್ನ ಮಗಳ ಕೈ ಹಿಡಿದು ಮನೆಗೆ ಬರುತ್ತೀಯ.

ನನಗೆ ವಿಲ್ಲೋ ಬೇಡ. ನನಗೆ ಎಲ್ಲರ ಮಗುವಿನಂಥ ಒಂದು ಮಗು ಬೇಕು. ಹಾಗೆ ಬಯಸುವುದು ತಪ್ಪಾದರೆ ತಪ್ಪೇ ಇರಲಿ.

ಬಳೆ ಕಳಿಸಬೇಡ. ಸೀಮಂತ ಮಾಡುತ್ತಿಲ್ಲ.

ಯಾಮಿನಿ

*

ಫೇರ್‌ಫ್ಯಾಕ್ಸ್
ನವೆಂಬರ್ 15, 2020

ಯಾಮಿನಿ,

ಇದು ನಾನು ಬರೆಯುತ್ತಿರುವ ಮೂರನೆಯ ಪತ್ರ. ಹಿಂದಿನ ಎರಡಕ್ಕೆ ಉತ್ತರವಿಲ್ಲ. ಪರೀಕ್ಷೆ ಸರಿಯಾಗಿ ಬಂದ ಮೇಲೂ ನಿನಗೆ ಅಷ್ಟು ಕೋಪ ಯಾಕೆ ಬಂತೆಂದು ನನಗೆ ಅರ್ಥವಾಗಲಿಲ್ಲ. ಆದರೂ ತಪ್ಪು ನನ್ನದೇ. ದೀಪಾವಳಿಗೆ ಧೀರಜ್ ಕಳಿಸಿದ ಫೋಟೋದಲ್ಲಿ ನಿನ್ನ ಮುಖ ಬಾಡಿತ್ತು. ಊಟ ಮಾಡುತ್ತಿದ್ದೀಯಾ? ಒಂದೇ ಒಂದು ಸಾಲು ಬರಿ.

ಶಬನಮ್

*

ಡುಲುತ್
ಜನವರಿ 6, 2021

ಶಬನಮ್,

ಚೆನ್ನಾಗಿದ್ದೇನೆ. ಕಾಲು ಊದಿಕೊಂಡಿದೆ. ಫೆಬ್ರವರಿ ಎರಡನೇ ವಾರ ಎಂದಿದ್ದಾರೆ. ಹೆಚ್ಚು ಬರೆಯಲು ಆಗುತ್ತಿಲ್ಲ. ಅದು ನಿನ್ನ ಮೇಲಿನ ಕೋಪವಲ್ಲ.

ನಿಮ್ಮ ಅಂಕಲ್, ಅವರ ಮಗಳು ಹೇಗಿದ್ದಾರೆ?

ಯಾಮಿನಿ

*

ಫೇರ್‌ಫ್ಯಾಕ್ಸ್
ಜನವರಿ 7, 2021

ಯಾಮಿನಿ,

ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗು. ಉಪ್ಪು ಕಡಿಮೆ ಮಾಡು. ಎಡಮಗ್ಗುಲಿಗೇ ಮಲಗು.

ಇಲ್ಲಿ ಅವರೆಲ್ಲ ಚೆನ್ನಾಗಿದ್ದಾರೆ. ನನಗೆ ಫಾರ್ಮಸಿಯಲ್ಲಿ ವ್ಯಾಕ್ಸೀನ್ ಕೊಟ್ಟರು. ಎರಡನೆಯದಾದ ಮೇಲೆ ನೀನು ಹೂಂ ಎಂದರೆ ಕಾರು ಹತ್ತಿ ಬಂದುಬಿಡುತ್ತೇನೆ.

ಶಬನಮ್

*

ಫೇರ್‌ಫ್ಯಾಕ್ಸ್
ಫೆಬ್ರವರಿ 24, 2021

ಯಾಮಿನಿ,

ಹದಿನಾರನೇ ತಾರೀಕು ಧೀರಜ್ ಯೂನುಸ್‌ಗೆ ಮೆಸೇಜ್ ಮಾಡಿದ. “ಬಾಯ್. ಬೋತ್ ಓಕೆ.” ಅಷ್ಟೇ. ಫೋಟೋ ಇಲ್ಲ, ತೂಕ ಎಷ್ಟೆಂದಿಲ್ಲ, ಯಾರ ಹಾಗಿದ್ದಾನೆ ಎಂದಿಲ್ಲ. ನಾವು ಕಳಿಸಿದ್ದನ್ನೆಲ್ಲ ನೋಡಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಯೂನುಸ್ ಫೋನ್ ಮಾಡಿದರೆ, “ಇನ್ ಎ ಮೀಟಿಂಗ್” ಎನ್ನುತ್ತಾನೆ. ಬಾಣಂತಿ ಇರುವ ಮನೆಯಲ್ಲಿ ಯಾವ ಮೀಟಿಂಗು?

ನಿನ್ನ ಅತ್ತೆಯ ನಂಬರಿಗೂ ಮಾಡಿದೆ. ಎತ್ತಿದರು. “ಹೂಂನಮ್ಮಾ, ಎಲ್ಲಾ ದೇವರಿಟ್ಟ ಹಾಗೆ” ಎಂದು ಇಟ್ಟುಬಿಟ್ಟರು. ಹಿಂದೆ ಮಗು ಅಳುವುದು ಕೇಳಿಸುತ್ತದೇನೋ ಎಂದು ಕಿವಿಗೊಟ್ಟೆ. ಕೇಳಿಸಲಿಲ್ಲ.

ಯಾಮಿನಿ, ಮಗು ಇದೆ ತಾನೆ?

ಶಬನಮ್

*

ಡುಲುತ್
ಮಾರ್ಚ್ 6, 2021

ಶಬ್ಬೂ,

ಮಗು ಇದ್ದಾನೆ. ನನ್ನ ಪಕ್ಕದಲ್ಲೇ ಮಲಗಿದ್ದಾನೆ. ಅವನಿಗೆ ಡೌನ್ ಸಿಂಡ್ರೋಮ್ ಇದೆ.

ಹುಟ್ಟಿದ ಕೂಡಲೇ ನರ್ಸು ಎದೆಯ ಮೇಲಿಟ್ಟಳು. ನಾನು ಅವನ ಕಣ್ಣು ನೋಡಿದೆ. ಯಾರೂ ಹೇಳುವ ಮುಂಚೆ ನನಗೆ ಗೊತ್ತಾಯಿತು. ಧೀರಜ್‌ಗೂ ಗೊತ್ತಾಯಿತು, ಅವನು ಕಿಟಕಿಯ ಕಡೆ ತಿರುಗಿಬಿಟ್ಟ. ಆ ಬಿಳಿ ಚುಕ್ಕೆ ಈಗ ಎಲ್ಲೂ ಇಲ್ಲವಂತೆ. ಹೃದಯದಲ್ಲೇ ಬೇರೆ ಒಂದು ಸಣ್ಣ ತೂತಿದೆ, ತಾನಾಗಿ ಮುಚ್ಚಿಕೊಳ್ಳಬಹುದು, ಇಲ್ಲದಿದ್ದರೆ ಬೇಸಿಗೆಯಲ್ಲಿ ಆಪರೇಷನ್.

ನಿನಗೊಂದು ಹೇಳಬೇಕು. ನಾನು ಪರೀಕ್ಷೆ ಮಾಡಿಸಲೇ ಇಲ್ಲ. ಆ ಮಂಗಳವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ. “ವಿಷಯ ಮುಗಿಯಿತು” ಎಂದು ಬರೆದಿದ್ದೆ, ನೀನು ಒಳ್ಳೆಯದೇ ಆಯಿತೆಂದು ಓದಿಕೊಂಡೆ. ಹಾಗೆ ಓದಿಕೊಳ್ಳಲಿ ಎಂದೇ ಬರೆದಿದ್ದೆ. ಧೀರಜ್ ಕಾರಣ ಕೇಳಿದಾಗ ನಿನ್ನ ಪತ್ರದಲ್ಲಿದ್ದ ಎಲೆ ತಾಗಿದ ಗುರುತಿನ ಕಥೆ ಹೇಳಿದೆ. ಅವನು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾನೆ. “ಯಾರೋ ಮುದುಕನ ಲೆಮನ್ ನೋಡಿ ಟೆಸ್ಟ್ ಸ್ಕಿಪ್ ಮಾಡಿದ್ಯಲ್ಲ” ಎನ್ನುತ್ತಾನೆ. ನೀನೂ ಹಾಗೇ ಅಂದುಕೊಳ್ಳುತ್ತೀಯ ಎಂದೇ ಇಷ್ಟು ದಿನ ಬರೆಯಲಿಲ್ಲ. ನಿಜ ಅದಲ್ಲ. ಪರೀಕ್ಷೆಯಲ್ಲಿ ಹೌದು ಎಂದು ಬಂದರೆ ನಾನು ಏನು ಮಾಡಿಬಿಡುತ್ತೇನೋ ಎಂದು ನನಗೆ ನನ್ನ ಮೇಲೆಯೇ ಭಯವಿತ್ತು. ತಿಳಿಯದೆ ಇರುವುದೊಂದೇ ದಾರಿ ಕಂಡಿತು. ನಿನ್ನ ಹಣ್ಣು ನೆಪವಾಗಿ ಸಿಕ್ಕಿತು.

ಈಗ ಇದಾವುದೂ ಮುಖ್ಯವಲ್ಲ. ಅವನು ಹಾಲು ಕುಡಿಯುತ್ತಿಲ್ಲ. ಬಾಯಿಗೆ ಹಿಡಿತವಿಲ್ಲ, ನಾಲಿಗೆ ಮುಂದಕ್ಕೆ ಬರುತ್ತದೆ, ಎರಡು ಗುಟುಕಿಗೆ ಸುಸ್ತಾಗಿ ನಿದ್ದೆ ಹೋಗುತ್ತಾನೆ. ಹಸಿವಾದರೂ ಅಳುವುದಿಲ್ಲ ಶಬ್ಬೂ. ನಾನೇ ಅಲಾರಂ ಇಟ್ಟು, ಅಂಗಾಲು ತಿಕ್ಕಿ ಎಬ್ಬಿಸಬೇಕು. ತೂಕ ಇಳಿಯುತ್ತಿದೆ. ಥೆರಪಿಸ್ಟ್ ವೀಡಿಯೊದಲ್ಲಿ ತೋರಿಸುತ್ತಾಳೆ, ನನಗೆ ಕೈ ಕೂಡುತ್ತಿಲ್ಲ. ಹೀಗೇ ಆದರೆ ಮೂಗಿಗೆ ಟ್ಯೂಬ್ ಹಾಕಬೇಕು ಎನ್ನುತ್ತಾರೆ.

ಕ್ಯಾಪ್ಲನ್ ಅಂಕಲ್‌ನ ಕೇಳುತ್ತೀಯಾ? ರೂಥಿಗೆ ಅವರು ಹೇಗೆ ಹಾಲು ಕುಡಿಸಿದರು? ವಿಲ್ಲೋ ಬೇಡ ಎಂದು ನಾನು ಅಕ್ಟೋಬರ್‌ನಲ್ಲಿ ಬರೆದ ಮಾತು ಅವರಿಗೆ ಹೇಳಿದ್ದೀಯಾ? ಹೇಳಿದ್ದರೆ ಕೇಳಬೇಡ.

ಯಾಮಿನಿ

*

ಫೇರ್‌ಫ್ಯಾಕ್ಸ್
ಮಾರ್ಚ್ 7, 2021

ನನ್ನ ಯಾಮಿನಿ,

ಆ ಮಾತು ಯಾರಿಗೂ ಹೇಳಿಲ್ಲ. ಯೂನುಸ್‌ಗೂ.

ಹಣ್ಣು ನೆಪ ಮಾತ್ರ ಎಂದು ನೀನು ಬರೆದಿದ್ದೀಯ. ನನ್ನ ಮನಸ್ಸು ಒಪ್ಪುತ್ತಿಲ್ಲ. ಎರಡು ಸಲ ಅಳಿಸಿದ್ದನ್ನು ಮೂರನೆಯ ಸಲ ಯಾಕೆ ಬರೆದೆ? ಬೇಲಿಯ ಹತ್ತಿರ ಹೋಗಿ ಅಂಕಲ್‌ಗೆ ಮಗುವಿನ ವಿಷಯ, ಹಣ್ಣಿನ ವಿಷಯ ಹೇಳಿದೆ. ಅವರಿಗೆ ಸಿಟ್ಟೇ ಬಂತು. “ಹಣ್ಣು ನೋಡಿ ಮಗುವಿನ ಭವಿಷ್ಯ ಹೇಳು ಅಂತ ನಾನು ಯಾವಾಗ ಹೇಳಿದೆ ನಿನಗೆ? ಅದು ಪ್ರಾರ್ಥನೆ. ಜ್ಯೋತಿಷ್ಯ ಅಲ್ಲ!” ಎಂದರು. ಅವರು ದನಿ ಎತ್ತಿದ್ದನ್ನು ನಾನು ಇದೇ ಮೊದಲು ಕೇಳಿದ್ದು. ಆಮೇಲೆ, “ಹಾಲು ಕುಡೀತಿದೆಯಾ?” ಎಂದು ಅವರೇ ಕೇಳಿದರು. ನಾನಿನ್ನೂ ಆ ಮಾತಿಗೆ ಬಂದೇ ಇರಲಿಲ್ಲ.

ನಾಯಿಲಾಳ ಗೊಂಬೆ ತರಿಸಿಕೊಂಡರು. ನಮ್ಮ ಮೆಟ್ಟಿಲ ಮೇಲೆ ಕೂತು ತೋರಿಸಿದರು. ಮಲಗಿಸಿ ಕುಡಿಸಬೇಡ, ನೆಟ್ಟಗೆ ಕೂರಿಸಿಕೋ. ನಿನ್ನ ಅಂಗೈ ಅವನ ಕತ್ತಿನ ಹಿಂದೆ ಇರಲಿ. ಇನ್ನೊಂದು ಕೈಯಲ್ಲಿ ಬಾಟಲಿ ಹಿಡಿದು, ಅದೇ ಕೈಯ ಒಂದು ಬೆರಳನ್ನು ಗದ್ದದ ಕೆಳಗಿಟ್ಟು ಮೆಲ್ಲಗೆ ಮೇಲಕ್ಕೆ ಒತ್ತು. ಇನ್ನೆರಡು ಬೆರಳು ಎರಡು ಕೆನ್ನೆಗೆ. ಆಗ ತುಟಿ ಮುಚ್ಚಿಕೊಳ್ಳುತ್ತದೆ. ನಾಲ್ಕು ಗುಟುಕು ಕುಡಿದ ಮೇಲೆ ನಿಲ್ಲಿಸು, ಉಸಿರು ತೆಗೆದುಕೊಳ್ಳಲಿ. ಬಟ್ಟೆ ಸಡಿಲಿಸು, ಬೆಚ್ಚಗಿದ್ದರೆ ನಿದ್ದೆ ಹೋಗುತ್ತಾನೆ. ಇದನ್ನೆಲ್ಲ ನಿನ್ನ ಥೆರಪಿಸ್ಟ್‌ಗೂ ತೋರಿಸಿ, ಅವಳು ಸರಿ ಎಂದ ಮೇಲೆಯೇ ಮಾಡಬೇಕಂತೆ. ರೂಥಿಗೆ ಒಂದು ಸಲ ಕುಡಿಸುವುದಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಎಸ್ತರ್ ಆಂಟಿ ಸುಸ್ತಾದಾಗ ಇವರು, ಇವರು ಸುಸ್ತಾದಾಗ ಆಂಟಿ. “ಅವಳ ಗಂಡನಿಗೆ ಹೇಳು, ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ” ಎಂದರು.

ಜನವರಿಯಲ್ಲಿ ನೀನು ಅವರನ್ನು ಕೇಳಿದಾಗ ನಾನು ಸುಳ್ಳು ಬರೆದೆ. ಆಗ ರೂಥಿಯ ಮನೆಯಲ್ಲಿ ಎಲ್ಲರಿಗೂ ಕೋವಿಡ್ ಆಗಿತ್ತು. ಅಂಕಲ್ ದಿನವೂ ಹೋಗಿ ಕಿಟಕಿಯ ಹೊರಗೆ ಮಡಿಸುವ ಕುರ್ಚಿ ಹಾಕಿ, ಕೋಟಿನ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದರು. ಈಗ ಹುಷಾರಾಗಿದ್ದಾಳೆ. ನಿನ್ನ ವಿಷಯ ಹೇಳಲೆಂದು ಅವಳಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಅವಳು ಕೇಳಿದ್ದು ಒಂದೇ. “ಹೆಸರೇನು?”

ನೀನು ಹೆಸರೇ ಬರೆದಿಲ್ಲ ಯಾಮಿನಿ. ನಾನೂ ಕೇಳಿರಲಿಲ್ಲ.

ನನಗೆ ಎರಡು ಡೋಸೂ ಆಗಿದೆ. ಶುಕ್ರವಾರ ಬೆಳಿಗ್ಗೆ ಹೊರಡುತ್ತೇನೆ, ಡರ್ಹಮ್‌ನಲ್ಲಿ ಒಂದು ಕಾಫಿಗೆ ನಿಲ್ಲಿಸಿ ಸಂಜೆಗೆ ನಿಮ್ಮಲ್ಲಿರುತ್ತೇನೆ. ಈ ಸಲ ಬೇಡವೆಂದರೂ ಕೇಳುವುದಿಲ್ಲ.

ಶಬನಮ್

*

ಡುಲುತ್
ಏಪ್ರಿಲ್ 1, 2021

ಪ್ರೀತಿಯ ಶಬ್ಬೂ,

ನೀನು ಹೋದ ಮೇಲೆ ಮನೆ ಎರಡು ದಿನ ಬಿಕೋ ಎಂದಿತು. ಅತ್ತೆ ನೀನು ಮಾಡಿಟ್ಟ ಖೀರನ್ನು, “ಮೊಟ್ಟೆ ಗಿಟ್ಟೆ ಹಾಕಿಲ್ಲ ತಾನೆ?” ಎಂದು ಕೇಳುತ್ತಲೇ ತಿಂದು ಮುಗಿಸಿದರು.

ನೀನಿದ್ದಾಗಲೇ ನೋಡಿದೆಯಲ್ಲ, ಧೀರಜ್ ಮಗುವನ್ನು ಮುಟ್ಟುತ್ತಿರಲಿಲ್ಲ. ಬಾಟಲಿ ತೊಳೆಯುತ್ತಿದ್ದ, ಡೈಪರ್ ತರುತ್ತಿದ್ದ, ಆದರೆ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಹೋದ ವಾರ ನನಗೆ ಜ್ವರ ಬಂತು. ಕೋವಿಡ್ ಇರಬಹುದೆಂದು ನಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡೆ. ಅತ್ತೆಯ ಮಣಿಕಟ್ಟಿಗೆ ಹಿಡಿತವಿಲ್ಲ, ಅವರ ಕೈಲಾಗದು. ಬಾಗಿಲ ಸಂದಿಯಿಂದಲೇ ಧೀರಜ್‌ಗೆ ಕೂಗಿ ಹೇಳಿಕೊಟ್ಟೆ. “ಗದ್ದದ ಕೆಳಗೆ ಬೆರಳು ಇಡೋ. ಅಷ್ಟು ಒತ್ತಬೇಡ!” ಆಮೇಲೆ ಆಚೆಯಿಂದ ಧೀರಜ್, “ಯಾಮೀ, ಹೀ ಈಸ್ ಲುಕಿಂಗ್ ಅಟ್ ಮೀ. ನನ್ನನ್ನೇ ನೋಡ್ತಿದಾನೆ ಕಣೇ” ಎಂದ. ನನಗೆ ಕೋವಿಡ್ ಇರಲಿಲ್ಲ. ಜ್ವರ ಇಳಿದ ಮೇಲೂ ಬೆಳಗಿನ ಬಾಟಲಿ ಅವನದೇ. ಆ ಹೊತ್ತಿನ ಮೀಟಿಂಗಿಗೆ ಕ್ಯಾಮೆರಾ ಆಫ್.

ಹೃದಯದ ತೂತು ಇನ್ನೂ ಮುಚ್ಚಿಲ್ಲ. ಜೂನ್‌ನಲ್ಲಿ ಮತ್ತೆ ನೋಡುತ್ತಾರೆ. ಅವನ ಉಸಿರು ಒಂದು ಕ್ಷಣ ತಡೆದರೂ ನನ್ನದೂ ನಿಲ್ಲುತ್ತದೆ. ಈ ಹೆದರಿಕೆ ಹೋಗುವುದಿಲ್ಲವೆಂದು ಗೊತ್ತಾಗಿದೆ. ಹೆದರಿಕೊಂಡೇ ಕೆಲಸ ಮಾಡುವುದನ್ನು ಕಲಿಯುತ್ತಿದ್ದೇನೆ.

ನೀನು ಎಲೆ ತಾಗಿದ ಗುರುತಿನ ಆ ಸಾಲನ್ನು ನೆನೆದು ಇನ್ನೂ ಕೊರಗುತ್ತಿದ್ದೀಯ ಎಂದು ಹೊರಡುವಾಗ ನಿನ್ನ ಮುಖವೇ ಹೇಳಿತು. ಬಿಡು. ನೀನು ಬರೆಯದಿದ್ದರೂ ನನಗೆ ಇನ್ನೇನೋ ನೆಪ ಸಿಗುತ್ತಿತ್ತು. ಅವನು ಇಲ್ಲಿದ್ದಾನೆ. ಅಷ್ಟೇ ಈಗ ನನಗೆ ಗೊತ್ತಿರುವುದು.

ರೂಥಿಗೆ ಹೇಳು, ಹೆಸರಿಟ್ಟಿದ್ದೇವೆ. ಮನೆಯಲ್ಲಿ ಹೆಸರಿನ ಮಾತೇ ಯಾರೂ ಎತ್ತುತ್ತಿರಲಿಲ್ಲ, ಎಲ್ಲರಿಗೂ ಅವನು ‘ಮಗು’ ಅಷ್ಟೇ. ಯುಗಾದಿ ಬರುತ್ತಿದೆಯೆಂದು ಮೊನ್ನೆ ಅತ್ತೆ ಅವನಿಗೆ ಎಣ್ಣೆ ಹಚ್ಚುತ್ತ ಕೂತಿದ್ದರು. ತಾವೇ ತಾವು ಗುನುಗುವಂತೆ, “ಏನಪ್ಪಾ ಸೂರ್ಯನಾರಾಯಣ, ಕಾಲು ಮಡಿಸ್ತೀಯೋ ಇಲ್ಲವೋ?” ಎಂದರು. ಅದು ಅವರ ಯಜಮಾನರ ಹೆಸರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನಾಗಲಿ ಧೀರಜ್ ಆಗಲಿ ಕೇಳಿರಲಿಲ್ಲ. ಹೇಳಿದ್ದು ತಮಗೇ ಗೊತ್ತಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಸರ್ಟಿಫಿಕೇಟ್‌ನಲ್ಲಿ ಅದನ್ನೇ ಬರೆಸುತ್ತಿದ್ದೇವೆ. ಅಮೆರಿಕದವರು ಹೇಗೆ ಕರೆಯುತ್ತಾರೋ ಕರೆಯಲಿ.

ಇರು. ಎದ್ದಂತಿದೆ.

ಶಬ್ಬೂ, ಅಳುತ್ತಿದ್ದಾನೆ. ಅಲಾರಂ ಇನ್ನೂ ಹೊಡೆದಿಲ್ಲ. ಯಾರೂ ಎಬ್ಬಿಸಿಲ್ಲ. ಹಸಿವಾಗಿದೆ ಎಂದು ತಾನಾಗಿಯೇ, ಮನೆ ಹಾರಿಹೋಗುವ ಹಾಗೆ ಅಳುತ್ತಿದ್ದಾನೆ. ಧೀರಜ್ ಮೀಟಿಂಗ್ ಬಿಟ್ಟು ಓಡಿಬಂದ. ಅತ್ತೆ ಪೂಜೆಯ ಗಂಟೆ ಕೆಳಗಿಟ್ಟು ಬಂದರು. ಮೂವರೂ ನಿಂತು ಕೇಳುತ್ತಿದ್ದೇವೆ.

ಹಾಲು ಬೆಚ್ಚಗೆ ಮಾಡಬೇಕು, ಹೋಗುತ್ತೇನೆ.

ಯಾಮಿನಿ